10 ವರ್ಷದ ಬ್ಯಾಟರಿ ಮೂರೂವರೆ ವರ್ಷಕ್ಕೇ ಖಾಲಿ ಆಗುವುದೇಕೆ? ವೈರ್‌ಲೆಸ್ ಸೆನ್ಸರ್ ಮತ್ತು ಗೇಟ್‌ವೇ ನಡುವಿನ ಮಾತುಕತೆ ನಡೆಯುವುದು ಹೀಗೆ

ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇರಲೇಬೇಕು ಎಂಬುದು ನಮ್ಮಲ್ಲಿ ಬಹಳ ಕಾಲದಿಂದ ಬಂದ ನಿಯಮ. 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇದನ್ನು ಸಡಿಲಿಸಿತು. ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ರಿಪೇರಿ ಕಿಟ್ ಮತ್ತು ಟೈರ್‌ನ ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ (ಟಿಪಿಎಂಎಸ್) ಇದ್ದರೆ 3.5 ಟನ್ ಒಳಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಕಡ್ಡಾಯವಲ್ಲ. ಅಂದರೆ ಒಂದು ಇಡೀ ಚಕ್ರ ಮಾಡುತ್ತಿದ್ದ ಕೆಲಸದ ಒಂದು ಪಾಲು ಈಗ ಟೈರ್‌ನೊಳಗೆ ಕೂತ, ಹೆಬ್ಬೆರಳಿನ ಗಾತ್ರದ ಸೆನ್ಸರ್ ಮೇಲೆ ಬಿದ್ದಿದೆ. ಅದಕ್ಕೆ ವೈರ್ ಇಲ್ಲ, ಚಾರ್ಜ್ ಮಾಡಲು ಆಗುವುದಿಲ್ಲ. ಒಳಗಿರುವುದು ಒಂದು ಪುಟ್ಟ ಬ್ಯಾಟರಿ ಮಾತ್ರ.

ದೆಹಲಿಗೆ ಹೊಂದಿಕೊಂಡಿರುವ ಹರಿಯಾಣದ ಮಾನೇಸರ್ ಇಂಥ ಕಾರುಗಳು ತಯಾರಾಗುವ ಊರು. ಮಾರುತಿ ಸುಜುಕಿಯ ಕಾರ್ಖಾನೆ ಇಲ್ಲಿದೆ, ಹೋಂಡಾ ಸ್ಕೂಟರ್‌ಗಳು ಇಲ್ಲಿ ತಯಾರಾಗುತ್ತವೆ. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಐಕ್ಯಾಟ್ ಸಂಸ್ಥೆ ಇರುವುದೂ ಇಲ್ಲೇ. ಇವಕ್ಕೆ ಬಿಡಿಭಾಗ ಒದಗಿಸುವ ನೂರಾರು ಸಣ್ಣ ದೊಡ್ಡ ಶೆಡ್‌ಗಳು ಐಎಂಟಿ ಮಾನೇಸರ್ ಎಂಬ ಕೈಗಾರಿಕಾ ಬಡಾವಣೆಯಲ್ಲಿ ಸಾಲಾಗಿ ನಿಂತಿವೆ. ಅಲ್ಲಿ ತಯಾರಾಗುವ ಕಾರಿನೊಳಗೆ ಮಾತ್ರವಲ್ಲ, ಇಂಥ ಶೆಡ್‌ಗಳ ಒಳಗೂ ಈಗ ಅದೇ ಜಾತಿಯ ಸೆನ್ಸರ್‌ಗಳಿಗೆ ಕೆಲಸವಿದೆ: ಮೋಟಾರ್‌ನ ಅದುರುವಿಕೆ, ಕಂಪ್ರೆಸರ್‌ನ ಬಿಸಿ, ಗೋದಾಮಿನ ತೇವಾಂಶ, ನೀರಿನ ಟ್ಯಾಂಕ್‌ನ ಮಟ್ಟ ಇವನ್ನೆಲ್ಲ ಅಳೆದು ಒಂದು ಕೇಂದ್ರ ಪೆಟ್ಟಿಗೆಗೆ ಕಳಿಸುವುದು. ಆ ಪೆಟ್ಟಿಗೆಯ ಹೆಸರು ಗೇಟ್‌ವೇ.

ಇದೇ ತಂತ್ರಜ್ಞಾನ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ನೀರಿನ ಮೀಟರ್‌ಗೂ, ಅಡಿಕೆ ತೋಟದ ಮಣ್ಣಿನ ತೇವಾಂಶ ಅಳೆಯುವ ಕಡ್ಡಿಗೂ ಬಂದಿದೆ. ಮಾರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಒಮ್ಮೆ ಹಾಕಿ, 10 ವರ್ಷ ಮರೆತುಬಿಡಿ." ಈ ಮಾತು ಸುಳ್ಳೇನಲ್ಲ. ಆದರೆ ಆ 10 ವರ್ಷ ಬ್ಯಾಟರಿಯೊಳಗೆ ಇರುವುದಿಲ್ಲ. ಸೆನ್ಸರ್ ಮತ್ತು ಗೇಟ್‌ವೇ ಹೇಗೆ ಮಾತಾಡಿಕೊಳ್ಳುತ್ತವೆ ಎಂಬುದರಲ್ಲಿ ಇರುತ್ತದೆ.

ಕೇಳಿಸಿಕೊಳ್ಳುವುದೇ ದುಬಾರಿ

ನಿಮ್ಮ ಮೊಬೈಲ್ ಫೋನ್ ಸದಾ ಕಿವಿ ತೆರೆದುಕೊಂಡಿರುತ್ತದೆ. ಕರೆ ಯಾವಾಗ ಬಂದರೂ ರಿಂಗ್ ಆಗಬೇಕಲ್ಲ? ಅದಕ್ಕಾಗಿ ನಾವು ಅದನ್ನು ದಿನವೂ ಚಾರ್ಜ್‌ಗೆ ಹಾಕುತ್ತೇವೆ. ಸೆನ್ಸರ್‌ಗೆ ಆ ಭಾಗ್ಯವಿಲ್ಲ.

ಸ್ವಲ್ಪ ಲೆಕ್ಕ ನೋಡಿ. ಇಂಥ ಸೆನ್ಸರ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಪೆನ್ ಸೆಲ್ ಗಾತ್ರದ, 3.6 ವೋಲ್ಟ್‌ನ ಲಿಥಿಯಂ ಬ್ಯಾಟರಿ. ಅದರ ಸಾಮರ್ಥ್ಯ ಸುಮಾರು 2400 ಮಿಲಿಆಂಪಿಯರ್ ಗಂಟೆ. ರೇಡಿಯೋ ಚಿಪ್ ಸುಮ್ಮನೆ ಕೇಳಿಸಿಕೊಳ್ಳುತ್ತಾ ಕೂತರೆ ಸುಮಾರು 11 ಮಿಲಿಆಂಪಿಯರ್ ವಿದ್ಯುತ್ ಎಳೆಯುತ್ತದೆ. ಭಾಗಿಸಿದರೆ 218 ಗಂಟೆ. ಅಂದರೆ ಏನೂ ಮಾತಾಡದೆ, ಬರೀ ಕಿವಿಗೊಟ್ಟು ಕೂತರೂ ಬ್ಯಾಟರಿ 9 ದಿನಕ್ಕೆ ಮುಗಿಯುತ್ತದೆ. ಅದೇ ಚಿಪ್ ನಿದ್ದೆಗೆ ಜಾರಿದರೆ ಬೇಕಾಗುವುದು ಒಂದು ಮೈಕ್ರೋಆಂಪಿಯರ್‌ಗಿಂತಲೂ ಕಡಿಮೆ. ಸೆನ್ಸರ್‌ನ ಉಳಿದ ಭಾಗಗಳನ್ನೂ ಸೇರಿಸಿದರೆ 5 ಮೈಕ್ರೋಆಂಪಿಯರ್ ಎಂದಿಟ್ಟುಕೊಳ್ಳಿ. ಎಚ್ಚರಕ್ಕೂ ನಿದ್ದೆಗೂ ಎರಡು ಸಾವಿರ ಪಟ್ಟು ವ್ಯತ್ಯಾಸ.

ಹಾಗಾಗಿ ಈ ಜಗತ್ತಿನ ಮೊದಲ ನಿಯಮ: ಸೆನ್ಸರ್ ಮಲಗಿರಬೇಕು, ಗೇಟ್‌ವೇ ಎದ್ದಿರಬೇಕು. ಗೇಟ್‌ವೇಗೆ ಕರೆಂಟ್ ಇದೆ, ಇಂಟರ್ನೆಟ್ ಇದೆ, ತಾರಸಿಯ ಮೇಲೆ ಆಂಟೆನಾ ಇದೆ. ಅದು ರಾತ್ರಿ ಹಗಲು ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಸೆನ್ಸರ್ ತನಗೆ ಬೇಕಾದಾಗ ಎದ್ದು, ಹೇಳಬೇಕಾದ್ದನ್ನು ಹೇಳಿ, ಮತ್ತೆ ಮಲಗುತ್ತದೆ. ಗೇಟ್‌ವೇ ಅದನ್ನು ಬೇಕೆಂದಾಗ ಎಬ್ಬಿಸಲಾರದು.

ಕಾರಿನ ಟೈರ್ ಸೆನ್ಸರ್ ಈ ನಿಯಮವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಹೆಚ್ಚಿನವು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬರೀ ಹೇಳುತ್ತವೆ, ಉತ್ತರಕ್ಕೆ ಕಾಯುವುದೇ ಇಲ್ಲ. ಚಕ್ರ ತಿರುಗುವುದು ಗೊತ್ತಾದರೆ ಎಚ್ಚರವಾಗುತ್ತವೆ, ನಿಂತ ಮೇಲೆ ಮತ್ತೆ ನಿದ್ದೆ. ಕಾರಿನ ಒಳಗಿನ ರಿಸೀವರ್ ಕೇಳಿಸಿಕೊಂಡಿತೋ ಇಲ್ಲವೋ ತಿಳಿಯುವ ದಾರಿ ಇಲ್ಲದ್ದರಿಂದ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತವೆ.

ಜಾರು ಸ್ವರದಲ್ಲಿ ಸಂದೇಶ

ಕಾರಿನಲ್ಲಿ ಸೆನ್ಸರ್‌ಗೂ ರಿಸೀವರ್‌ಗೂ ಇರುವುದು ಎರಡು ಮೂರು ಮೀಟರ್ ದೂರ. ಕಾರ್ಖಾನೆಯಲ್ಲಿ ನೂರಾರು ಮೀಟರ್, ತೋಟದಲ್ಲಿ ಕಿಲೋಮೀಟರ್‌ಗಟ್ಟಲೆ. ಇಷ್ಟು ದೂರಕ್ಕೆ ಪುಟ್ಟ ಬ್ಯಾಟರಿಯಿಂದ ಕೂಗುವುದು ಹೇಗೆ?

ವೈಫೈ ಇದಕ್ಕೆ ಹೊಂದುವುದಿಲ್ಲ. ಅದು ಸಿನಿಮಾ ತೋರಿಸಲು ಮಾಡಿದ್ದು, ವೇಗ ಹೆಚ್ಚು, ದೂರ ಕಡಿಮೆ, ವಿದ್ಯುತ್ ಖರ್ಚು ಹೆಚ್ಚು. ಬ್ಲೂಟೂತ್ ಲೋ ಎನರ್ಜಿ ಮತ್ತು ಜಿಗ್‌ಬೀ ಒಂದೇ ಕೋಣೆ, ಒಂದೇ ಮಹಡಿಗೆ ಚೆನ್ನಾಗಿ ಒಗ್ಗುತ್ತವೆ. ಮೊಬೈಲ್ ಕಂಪನಿಗಳ ಟವರ್ ಬಳಸುವ ಎನ್‌ಬಿ-ಐಒಟಿ ಎಂಬ ವಿಧಾನವೂ ಇದೆ, ಅಲ್ಲಿ ಗೇಟ್‌ವೇ ನಿಮ್ಮದಲ್ಲ, ಟವರೇ ಗೇಟ್‌ವೇ. ಸ್ವಂತ ಗೇಟ್‌ವೇ ಇಟ್ಟುಕೊಂಡು ದೂರದ ಸೆನ್ಸರ್‌ಗಳನ್ನು ಕೇಳಿಸಿಕೊಳ್ಳಬೇಕು ಎನ್ನುವವರಲ್ಲಿ ಬಹಳ ಮಂದಿ ಬಳಸುವುದು ಲೋರಾ. ಅದರ ಮೇಲೆ ಕಟ್ಟಿದ ಜಾಲದ ನಿಯಮಾವಳಿಗೆ ಲೋರಾವ್ಯಾನ್ ಎಂದು ಹೆಸರು. ಫ್ರಾನ್ಸ್‌ನ ಗ್ರೆನೋಬಲ್‌ನ ಸೈಕ್ಲಿಯೋ ಎಂಬ ಸಣ್ಣ ಕಂಪನಿ ಕಂಡುಹಿಡಿದ ಇದನ್ನು 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. ಭಾರತದಲ್ಲಿ ಟಾಟಾ ಕಮ್ಯುನಿಕೇಷನ್ಸ್ ಹಲವು ನಗರಗಳಲ್ಲಿ ಲೋರಾವ್ಯಾನ್ ಜಾಲ ಹಾಕಿದೆ.

ಲೋರಾದ ಗುಟ್ಟು ಸಂಗೀತ ಕೇಳುವವರಿಗೆ ಬೇಗ ಅರ್ಥವಾಗುತ್ತದೆ. ವೀಣೆಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಎತ್ತದೆ ಜಾರಿಸುವುದುಂಟು, ಅದಕ್ಕೆ 'ಜಾರು' ಎನ್ನುತ್ತಾರೆ. ಲೋರಾ ರೇಡಿಯೋ ಮಾಡುವುದೂ ಅದನ್ನೇ. ತನ್ನ ಚಾನೆಲ್‌ನ ಕೆಳ ತುದಿಯಿಂದ ಮೇಲ್ತುದಿಗೆ ಒಂದೇ ಸಮನೆ ಜಾರುತ್ತದೆ. ಜಾರು ಎಲ್ಲಿಂದ ಶುರುವಾಯಿತು ಎಂಬುದರಲ್ಲಿ ಮಾಹಿತಿ ಅಡಗಿರುತ್ತದೆ. ಜಾತ್ರೆಯ ಗದ್ದಲದಲ್ಲಿ ಯಾರೋ ಒಂದು ಪದ ಕೂಗಿದರೆ ಕಿವಿಗೆ ಬೀಳದಿರಬಹುದು, ಆದರೆ ಉದ್ದಕ್ಕೆ ಎಳೆದ ಶಿಳ್ಳೆ ಬೀಳುತ್ತದೆ. ಹಾಗೆಯೇ ಸುತ್ತಲಿನ ರೇಡಿಯೋ ಗದ್ದಲಕ್ಕಿಂತ ಕ್ಷೀಣವಾದ ಸಂಕೇತವನ್ನೂ ಗೇಟ್‌ವೇ ಹೆಕ್ಕಿ ತೆಗೆಯಬಲ್ಲದು.

ಎಷ್ಟು ನಿಧಾನವಾಗಿ ಜಾರಬೇಕು ಎಂಬುದಕ್ಕೆ 'ಸ್ಪ್ರೆಡಿಂಗ್ ಫ್ಯಾಕ್ಟರ್' ಎಂಬ ಅಳತೆ ಇದೆ. ಎಸ್‌ಎಫ್ 7ರಿಂದ ಎಸ್‌ಎಫ್ 12ರವರೆಗೆ ಆರು ಹಂತ. ಎಸ್‌ಎಫ್ 7 ಚುರುಕು, ಸೆಕೆಂಡಿಗೆ ಸುಮಾರು 5,500 ಬಿಟ್. ಎಸ್‌ಎಫ್ 12 ಆಮೆ ನಡಿಗೆ, ಸೆಕೆಂಡಿಗೆ 300 ಬಿಟ್‌ಗೂ ಕಡಿಮೆ. ಆದರೆ ಆಮೆಯ ದನಿ ಬಹಳ ದೂರಕ್ಕೆ ಕೇಳುತ್ತದೆ. ಈ ಆರು ಹಂತ ನೆನಪಿಟ್ಟುಕೊಳ್ಳಿ, ಬ್ಯಾಟರಿಯ ಆಯುಸ್ಸು ನಿಂತಿರುವುದು ಇದರ ಮೇಲೆಯೇ.

ಇನ್ನು ಯಾವ ತರಂಗದಲ್ಲಿ? ಭಾರತ ಸರ್ಕಾರ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. 2021ರಲ್ಲಿ ಇದು 868ರವರೆಗೆ ವಿಸ್ತರಿಸಿತು. ಲೋರಾವ್ಯಾನ್‌ನ ಭಾರತದ ನಿಯಮದಲ್ಲಿ ಎಲ್ಲ ಸೆನ್ಸರ್‌ಗಳಿಗೂ ಗೊತ್ತಿರಬೇಕಾದ ಮೂರು ಚಾನೆಲ್‌ಗಳಿವೆ: 865.0625, 865.4025 ಮತ್ತು 865.985 ಮೆಗಾಹರ್ಟ್ಸ್. ಯುರೋಪಿನ 868 ಅಥವಾ ಅಮೆರಿಕದ 915 ಮೆಗಾಹರ್ಟ್ಸ್‌ಗೆ ಮಾಡಿದ ಸೆನ್ಸರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿಕೊಂಡರೆ ಅದು ಇಲ್ಲಿನ ಗೇಟ್‌ವೇಗೆ ಕೇಳಿಸುವುದಿಲ್ಲ. 915ರ ಸುತ್ತಲಿನ ತರಂಗ ನಮ್ಮಲ್ಲಿ ಮೊಬೈಲ್ ಸೇವೆಯ ಪಾಲಿನದ್ದು, ಅಲ್ಲಿ ಬಾಯಿ ಹಾಕುವುದು ತಪ್ಪು ಕೂಡ. ಲೈಸೆನ್ಸ್ ಬೇಡ ಎಂದರೆ ಏನೂ ಬೇಡ ಎಂದಲ್ಲ, ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಎಂಬ ಅನುಮೋದನೆ ಇರಬೇಕು.

ಹೇಳಿ, ಒಂದು ಸೆಕೆಂಡ್ ಕಾದು, ಮತ್ತೆ ನಿದ್ದೆ

ಸೆನ್ಸರ್ ಎದ್ದಾಗ ನಡೆಯುವುದು ಇಷ್ಟು. ಮೊದಲು ಅಳೆಯುತ್ತದೆ. ಅಳತೆಯನ್ನು ಕೆಲವೇ ಬೈಟ್‌ಗಳಿಗೆ ಇಳಿಸುತ್ತದೆ. 'ತಾಪಮಾನ 43.5 ಡಿಗ್ರಿ' ಎಂದು ಅಕ್ಷರಗಳಲ್ಲಿ ಬರೆದು ಕಳಿಸುವ ದುಂದುಗಾರಿಕೆ ಇಲ್ಲಿ ನಡೆಯುವುದಿಲ್ಲ, ಅದಕ್ಕೆ ಎರಡು ಬೈಟ್ ಸಾಕು. ಅದನ್ನು ಗೂಢಲಿಪಿಗೆ ತಿರುಗಿಸಿ, ಮೂರರಲ್ಲಿ ಯಾವುದಾದರೂ ಒಂದು ಚಾನೆಲ್ ಆರಿಸಿಕೊಂಡು ಪ್ರಸಾರ ಮಾಡುತ್ತದೆ. ಹೊರಡುವ ಶಕ್ತಿ ಸಾಮಾನ್ಯವಾಗಿ 25 ಮಿಲಿವ್ಯಾಟ್ ಆಸುಪಾಸು. ದೇವರ ಮನೆಯ ಅರ್ಧ ವ್ಯಾಟ್ ಎಲ್‌ಇಡಿ ದೀಪದ 20ನೇ ಒಂದು ಭಾಗ.

ಪ್ರಸಾರ ಮುಗಿದ ಸರಿಯಾಗಿ ಒಂದು ಸೆಕೆಂಡಿಗೆ ಸೆನ್ಸರ್ ಕ್ಷಣಕಾಲ ಕಿವಿ ತೆರೆಯುತ್ತದೆ. ಏನೂ ಬಾರದಿದ್ದರೆ ಎರಡನೇ ಸೆಕೆಂಡಿಗೆ ಮತ್ತೊಮ್ಮೆ. ಗೇಟ್‌ವೇಗೆ ಏನಾದರೂ ಹೇಳುವುದಿದ್ದರೆ ಈ ಎರಡು ಕಿಟಕಿಗಳಲ್ಲೇ ಹೇಳಬೇಕು. ತಪ್ಪಿದರೆ ಸೆನ್ಸರ್ ಮತ್ತೆ ಏಳುವವರೆಗೆ ಕಾಯಬೇಕು, ಅದು ಹದಿನೈದು ನಿಮಿಷವೂ ಇರಬಹುದು, ಒಂದು ದಿನವೂ ಇರಬಹುದು. ಲೋರಾವ್ಯಾನ್‌ನಲ್ಲಿ ಇದಕ್ಕೆ 'ಕ್ಲಾಸ್ ಎ' ಎನ್ನುತ್ತಾರೆ, ಬ್ಯಾಟರಿ ಸೆನ್ಸರ್‌ಗಳಲ್ಲಿ ಹೆಚ್ಚಿನವು ಇದೇ ವರ್ಗದವು.

ತೋಟಕ್ಕೆ ನೀರು ಬಿಡುವ ವಾಲ್ವ್ ಅನ್ನು ಫೋನಿನಿಂದ ತೆರೆಯಬಹುದು ಎಂದು ಯಾರಾದರೂ ಹೇಳಿದರೆ ಈ ವಿಷಯ ಕೇಳಬೇಕು. ವಾಲ್ವ್ ಕ್ಲಾಸ್ ಎ ಆಗಿದ್ದರೆ ನೀವು ಬಟನ್ ಒತ್ತಿದ ತಕ್ಷಣ ಅದು ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ತಕ್ಷಣ ಆಗಬೇಕೆಂದರೆ ಸದಾ ಎಚ್ಚರವಿರುವ 'ಕ್ಲಾಸ್ ಸಿ' ಬೇಕು, ಅದಕ್ಕೆ ಕರೆಂಟ್ ಅಥವಾ ಸೋಲಾರ್ ಪ್ಯಾನೆಲ್ ಬೇಕು. ಇವೆರಡರ ನಡುವಿನ 'ಕ್ಲಾಸ್ ಬಿ'ಯಲ್ಲಿ ಗೇಟ್‌ವೇ ಪ್ರತಿ 128 ಸೆಕೆಂಡಿಗೊಮ್ಮೆ ಗಡಿಯಾರ ಹೊಂದಿಸುವ ಸಂಕೇತ ಕೊಡುತ್ತದೆ, ಸೆನ್ಸರ್ ಅದಕ್ಕೆ ತಕ್ಕಂತೆ ಗೊತ್ತಾದ ವೇಳೆಗೆ ಏಳುತ್ತದೆ.

ಅಂಚೆಯವನಂಥ ಗೇಟ್‌ವೇ

ಗೇಟ್‌ವೇ ಎಂದರೆ ಎಲ್ಲವನ್ನೂ ತಿಳಿದ ಮೆದುಳು ಎಂದುಕೊಳ್ಳುವವರು ಬಹಳ. ನಿಜ ಹೇಳಬೇಕೆಂದರೆ ಅದು ಅಂಚೆಯವನ ಹಾಗೆ. ಲಕೋಟೆ ಒಡೆಯುವುದಿಲ್ಲ, ಒಡೆಯಲು ಅದರ ಬಳಿ ಕೀಲಿಯೂ ಇಲ್ಲ. ಬಂದ ಸಂದೇಶಕ್ಕೆ ವೇಳೆ ಮತ್ತು ಸಂಕೇತದ ಬಲದ ಮುದ್ರೆ ಹಾಕಿ ಇಂಟರ್ನೆಟ್ ಮೂಲಕ ನೆಟ್‌ವರ್ಕ್ ಸರ್ವರ್‌ಗೆ ದಾಟಿಸುತ್ತದೆ. ಒಳ್ಳೆಯ ಗೇಟ್‌ವೇ ಒಮ್ಮೆಗೆ ಎಂಟು ಚಾನೆಲ್‌ಗಳನ್ನು, ಎಲ್ಲ ಆರು ಹಂತಗಳಲ್ಲಿ ಕೇಳಿಸಿಕೊಳ್ಳುತ್ತದೆ.

ಸೆನ್ಸರ್ ಯಾವ ಗೇಟ್‌ವೇಗೂ ಸೇರಿದ್ದಲ್ಲ ಎಂಬುದು ಇದರ ಸೊಗಸು. ಅದು ಗಾಳಿಗೆ ಹೇಳುತ್ತದೆ. ಮೂರು ಗೇಟ್‌ವೇಗಳಿಗೆ ಕೇಳಿಸಿದರೆ ಮೂರೂ ಸರ್ವರ್‌ಗೆ ಕಳಿಸುತ್ತವೆ, ಸರ್ವರ್ ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಬಿಡುತ್ತದೆ. ಒಂದು ಗೇಟ್‌ವೇ ಕೆಟ್ಟರೆ ಉಳಿದವು ಇವೆ. ಒಂದೇ ಗೇಟ್‌ವೇ ಇಟ್ಟುಕೊಂಡವರಿಗೆ ಈ ರಕ್ಷಣೆ ಸಿಗುವುದಿಲ್ಲ.

ಗುಟ್ಟಿನ ವಿಷಯದಲ್ಲೂ ವ್ಯವಸ್ಥೆ ಗಟ್ಟಿ. ಪ್ರತಿ ಸೆನ್ಸರ್‌ಗೂ 128 ಬಿಟ್‌ನ ಎಇಎಸ್ ಕೀಲಿ ಇರುತ್ತದೆ, ಪ್ರತಿ ಸಂದೇಶಕ್ಕೂ ಏರುತ್ತಾ ಹೋಗುವ ಕ್ರಮಸಂಖ್ಯೆ ಇರುತ್ತದೆ. ನಿನ್ನೆಯ ಸಂದೇಶವನ್ನು ಯಾರೋ ರೆಕಾರ್ಡ್ ಮಾಡಿಕೊಂಡು ಇವತ್ತು ಮತ್ತೆ ಪ್ರಸಾರ ಮಾಡಿದರೆ ಸರ್ವರ್ ಒಪ್ಪುವುದಿಲ್ಲ. ಟೈರ್ ಸೆನ್ಸರ್‌ಗಳ ಕಥೆ ಹೀಗಿರಲಿಲ್ಲ. 2010ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ತಾವು ಪರೀಕ್ಷಿಸಿದ ಟಿಪಿಎಂಎಸ್ ಸಂದೇಶಗಳಿಗೆ ಗೂಢಲಿಪಿಯೇ ಇಲ್ಲ, 40 ಮೀಟರ್ ದೂರದಿಂದಲೂ ಕದ್ದು ಕೇಳಬಹುದು, ಸುಳ್ಳು ಎಚ್ಚರಿಕೆಯನ್ನೂ ಹುಟ್ಟಿಸಬಹುದು ಎಂದು ತೋರಿಸಿದ್ದರು. ಲೋರಾವ್ಯಾನ್‌ನಲ್ಲಿ ದುರ್ಬಲ ಕೊಂಡಿ ರೇಡಿಯೋ ಅಲ್ಲ, ಮನುಷ್ಯರು. ನೂರು ಸೆನ್ಸರ್‌ಗಳ ಕೀಲಿಗಳಿರುವ ಎಕ್ಸೆಲ್ ಶೀಟ್ ವಾಟ್ಸಾಪ್ ಗ್ರೂಪಿನಲ್ಲಿ ತಿರುಗಾಡಿದರೆ ಯಾವ ಎಇಎಸ್ ಏನು ಮಾಡೀತು?

10 ವರ್ಷ ಮೂರೂವರೆ ಆಗುವ ಲೆಕ್ಕ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಹದಿನೈದು ನಿಮಿಷಕ್ಕೊಮ್ಮೆ 10 ಬೈಟ್ ಕಳಿಸುವ ಒಂದು ಸೆನ್ಸರ್ ಇಟ್ಟುಕೊಳ್ಳಿ. ದಿನಕ್ಕೆ 96 ಸಂದೇಶ. ಪ್ರಸಾರದ ವೇಳೆ 40 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ.

ಗೇಟ್‌ವೇಗೆ ಚೆನ್ನಾಗಿ ಕೇಳಿಸುತ್ತಿದ್ದರೆ ಸೆನ್ಸರ್ ಎಸ್‌ಎಫ್ 7ರಲ್ಲಿ ಮಾತಾಡುತ್ತದೆ. ಆಗ ಒಂದು ಸಂದೇಶ ಗಾಳಿಯಲ್ಲಿ ಇರುವುದು 62 ಮಿಲಿಸೆಕೆಂಡ್. ಅಳತೆ, ಎರಡು ಕಿಟಕಿಗಳು ಎಲ್ಲ ಸೇರಿ ದಿನಕ್ಕೆ 0.13 ಮಿಲಿಆಂಪಿಯರ್ ಗಂಟೆ ಖರ್ಚು. ನಿದ್ದೆಯ ಖರ್ಚು 0.12. ಒಟ್ಟು 0.25. ಇದರಿಂದ 2400 ಅನ್ನು ಭಾಗಿಸಿದರೆ 26 ವರ್ಷ ಬರುತ್ತದೆ. ಬ್ಯಾಟರಿ ಅಷ್ಟು ಕಾಲ ಬದುಕುವುದಿಲ್ಲ, ಸುಮ್ಮನಿದ್ದರೂ ತಾನಾಗಿ ಸೋರುತ್ತದೆ. ಹಾಗಾಗಿ 10 ವರ್ಷ ಎಂಬ ಮಾತು ಧಾರಾಳವಾಗಿ ನಿಲ್ಲುತ್ತದೆ.

ಅದೇ ಸೆನ್ಸರ್, ಅದೇ ಬ್ಯಾಟರಿ. ಗೇಟ್‌ವೇ ಮಾತ್ರ ತಗಡಿನ ಶೆಡ್ಡಿನ ಆಚೆ, ಆಫೀಸಿನ ಮೂಲೆಯಲ್ಲಿ ಕಪಾಟಿನ ಹಿಂದೆ ಇದೆ. ಸರಿಯಾಗಿ ಕೇಳಿಸದ್ದರಿಂದ ಸೆನ್ಸರ್ ಎಸ್‌ಎಫ್ 12ಕ್ಕೆ ಏರುತ್ತದೆ. ಈಗ ಅದೇ 10 ಬೈಟ್ ಹೇಳಲು ಸುಮಾರು ಒಂದೂವರೆ ಸೆಕೆಂಡ್ ಬೇಕು, 24 ಪಟ್ಟು ಹೆಚ್ಚು. ದಿನದ ಖರ್ಚು 1.85 ಮಿಲಿಆಂಪಿಯರ್ ಗಂಟೆಗೆ ಜಿಗಿಯುತ್ತದೆ. ಬ್ಯಾಟರಿ ಮೂರೂವರೆ ವರ್ಷಕ್ಕೆ ಮುಗಿಯಿತು.

ಈ ಎರಡು ಸ್ಥಿತಿಗಳ ನಡುವೆ ಇರುವುದು ಸುಮಾರು 14 ಡೆಸಿಬಲ್ ವ್ಯತ್ಯಾಸ. ಆಂಟೆನಾವನ್ನು ಒಳಗಿನಿಂದ ತೆಗೆದು ಚಾವಣಿಯ ಮೇಲೆ ಎತ್ತರದಲ್ಲಿ ಇಟ್ಟರೆ ಎಷ್ಟೋ ಕಡೆ ಇಷ್ಟು ಸಿಕ್ಕಿಬಿಡುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಸೆನ್ಸರ್ ಕಂಪನಿಗಳ ಜೊತೆ ಚೌಕಾಸಿಗೆ ಕೂರುವ ಮೊದಲು ಏಣಿ ಹತ್ತಿ ಆಂಟೆನಾ ಜಾಗ ನೋಡುವುದು ಲಾಭದ ಕೆಲಸ.

ಸರ್ವರ್ ಕೂಡ ಸುಮ್ಮನಿರುವುದಿಲ್ಲ. ಇತ್ತೀಚಿನ ಸಂದೇಶಗಳ ಬಲ ನೋಡಿ, 'ನಿನ್ನ ದನಿ ಚೆನ್ನಾಗಿ ಕೇಳುತ್ತಿದೆ, ಬೇಗ ಬೇಗ ಮಾತಾಡು, ಮೆತ್ತಗೆ ಮಾತಾಡು' ಎಂದು ಸೆನ್ಸರ್‌ಗೆ ಆದೇಶ ಕೊಡುತ್ತದೆ. ಇದಕ್ಕೆ ಎಡಿಆರ್ ಎಂದು ಹೆಸರು. ಒಂದೇ ಜಾಗದಲ್ಲಿ ಕೂತ ಸೆನ್ಸರ್‌ಗಳಿಗೆ ಇದು ವರ. ಓಡಾಡುವ ಟ್ರಾಲಿ, ಫೋರ್ಕ್‌ಲಿಫ್ಟ್‌ಗಳಿಗೆ ಕಟ್ಟಿದ ಸೆನ್ಸರ್‌ಗಳಿಗೆ ತೊಂದರೆ, ಹತ್ತಿರವಿದ್ದಾಗ ಕೊಟ್ಟ ಆದೇಶ ದೂರ ಹೋದಾಗ ಮುಳುವಾಗುತ್ತದೆ.

ಎಲ್ಲರೂ ಒಟ್ಟಿಗೆ ಮಾತಾಡಿದರೆ?

ಸೆನ್ಸರ್‌ಗಳು ಸರದಿಯಲ್ಲಿ ನಿಲ್ಲುವುದಿಲ್ಲ. ಬೇಕಾದಾಗ ಮಾತಾಡುವ ಈ ಪದ್ಧತಿ 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೋ ಮೂಲಕ ಜೋಡಿಸಿದ 'ಅಲೋಹಾ' ಜಾಲದಿಂದ ಬಂದದ್ದು. ಇಬ್ಬರು ಒಂದೇ ಚಾನೆಲ್‌ನಲ್ಲಿ, ಒಂದೇ ವೇಗದಲ್ಲಿ, ಒಂದೇ ಹೊತ್ತಿಗೆ ಮಾತಾಡಿದರೆ ಎರಡೂ ಹಾಳಾಗಬಹುದು.

ಸಾವಿರ ಸೆನ್ಸರ್, ಮೂರು ಚಾನೆಲ್, ಹದಿನೈದು ನಿಮಿಷಕ್ಕೊಂದು ಸಂದೇಶ ಎಂದುಕೊಳ್ಳಿ. ಎಲ್ಲವೂ ಎಸ್‌ಎಫ್ 7ರಲ್ಲಿದ್ದರೆ ಅಲೋಹಾ ಸೂತ್ರದ ಪ್ರಕಾರ ನೂರಕ್ಕೆ 95 ಸಂದೇಶ ಡಿಕ್ಕಿಯಿಲ್ಲದೆ ತಲುಪುತ್ತವೆ. ಎಲ್ಲವೂ ಎಸ್‌ಎಫ್ 12ರಲ್ಲಿದ್ದರೆ ತಲುಪುವುದು ಮೂರರಲ್ಲಿ ಒಂದು ಮಾತ್ರ. ಅಂದರೆ ಕೆಟ್ಟ ಜಾಗದಲ್ಲಿಟ್ಟ ಗೇಟ್‌ವೇ ಬ್ಯಾಟರಿ ತಿನ್ನುವುದಷ್ಟೇ ಅಲ್ಲ, ಸಂದೇಶಗಳನ್ನೂ ನುಂಗುತ್ತದೆ.

ಇಲ್ಲಿ ಇನ್ನೊಂದು ಹಳ್ಳ ಇದೆ, ಬುದ್ಧಿವಂತರೂ ಬೀಳುವಂಥದ್ದು. 'ಸಂದೇಶ ತಲುಪಿತೆಂದು ಗೇಟ್‌ವೇ ಪ್ರತಿ ಸಲ ರಸೀದಿ ಕೊಡಲಿ' ಎಂದು ಸೆಟ್ಟಿಂಗ್ ಇಡುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಸಾಮಾನ್ಯ ಗೇಟ್‌ವೇ ತಾನು ಮಾತಾಡುವಾಗ ಬೇರೆಯವರನ್ನು ಕೇಳಿಸಿಕೊಳ್ಳಲಾರದು. ಒಬ್ಬನಿಗೆ ರಸೀದಿ ಕೊಡುವಷ್ಟರಲ್ಲಿ ಹತ್ತು ಜನರ ಮಾತು ತಪ್ಪುತ್ತದೆ. ರಸೀದಿ ಸಿಗದವರು ಮತ್ತೆ ಕಳಿಸುತ್ತಾರೆ, ಗದ್ದಲ ಇನ್ನೂ ಹೆಚ್ಚುತ್ತದೆ. ರಸೀದಿ ಬೇಕಾದದ್ದು ಅಲಾರಂಗೆ, ಅರ್ಧ ಡಿಗ್ರಿ ತಾಪಮಾನದ ಏರಿಳಿತಕ್ಕಲ್ಲ.

ಪಾವಗಡದ ಶೇಂಗಾ ಹೊಲದಲ್ಲಿ

ಮಾನೇಸರ್ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ದಕ್ಷಿಣಕ್ಕೆ ಸಾಗಿ ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ ದಾಟಿ ತುಮಕೂರಿಗೆ ಬರುತ್ತದೆ. ಲೋರಾ ಇನ್ನೂ ಹುಟ್ಟಿರದ ಕಾಲದಲ್ಲೇ ಆ ತುಮಕೂರು ಜಿಲ್ಲೆಯಲ್ಲಿ ಇಂಥದ್ದೊಂದು ಪ್ರಯೋಗ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡ್‌ನ ಇಪಿಎಫ್‌ಎಲ್ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ 'ಕಾಮನ್‌ಸೆನ್ಸ್ ನೆಟ್' ಎಂಬ ಸೆನ್ಸರ್ ಜಾಲ ಹಾಕಿದ್ದವು. ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಸಣ್ಣ ರೈತರಿಗೆ ಮಣ್ಣಿನ ತೇವಾಂಶದ ಮಾಹಿತಿ ನೆರವಾದೀತೇ ಎಂದು ನೋಡುವುದು ಉದ್ದೇಶ. ಐಐಎಸ್‌ಸಿಯ ಎಚ್.ಎಸ್. ಜಮದಗ್ನಿ, ಟಿ.ವಿ. ಪ್ರಭಾಕರ್, ಶೇಷಗಿರಿ ರಾವ್ ಮತ್ತು ಸ್ವಿಸ್ ಸಂಶೋಧಕರು ಇದರ ವಿವರವನ್ನು 2007ರಲ್ಲಿ ಪ್ರಕಟಿಸಿದರು.

ಅಲ್ಲಿ ಬಳಸಿದ ಮೈಕಾ-2 ಎಂಬ ಸಾಧನ ಎರಡು ಪೆನ್ ಸೆಲ್‌ಗಳಲ್ಲಿ ನಡೆಯುತ್ತಿತ್ತು. ದೂರಕ್ಕೆ ಕೂಗುವ ಲೋರಾ ಆಗ ಇರಲಿಲ್ಲವಾದ್ದರಿಂದ ಸೆನ್ಸರ್‌ಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತಾ ಬೇಸ್ ಸ್ಟೇಷನ್‌ಗೆ ಮುಟ್ಟಿಸುತ್ತಿದ್ದವು. ಇಂಥ ಜಾಲಕ್ಕೆ 'ಮೆಶ್' ಎನ್ನುತ್ತಾರೆ. ಬೆಂಕಿ ಬಿದ್ದಾಗ ಬಾವಿಯಿಂದ ಬಕೆಟ್ ಸಾಲು ನಿಲ್ಲುತ್ತದಲ್ಲ, ಹಾಗೆ. ಯಾವುದೇ ಮೆಶ್‌ನ ಕಷ್ಟ ಎರಡು. ನೆರೆಯವನ ಸಂದೇಶ ದಾಟಿಸಬೇಕೆಂದರೆ ತಾನೂ ಎದ್ದಿರಬೇಕು, ಹಾಗಾಗಿ ಗಾಢ ನಿದ್ದೆ ಇಲ್ಲ. ಬೇಸ್ ಸ್ಟೇಷನ್ ಪಕ್ಕದ ಸೆನ್ಸರ್ ಎಲ್ಲರ ಮಾತನ್ನೂ ಹೊರಬೇಕು, ಅದರ ಬ್ಯಾಟರಿ ಮೊದಲು ಸಾಯುತ್ತದೆ. ಅದು ಸತ್ತರೆ ಅದರ ಹಿಂದಿದ್ದವರ ದನಿಯೂ ನಿಲ್ಲುತ್ತದೆ.

ಅದೇ ಕಾಲಕ್ಕೆ, 2005ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಸಂಶೋಧಕರು ಆಲೂಗಡ್ಡೆಯ ಅಂಗಮಾರಿ ರೋಗ ಮುಂಚೆ ತಿಳಿಯಲೆಂದು ಸುಮಾರು ನೂರು ಸೆನ್ಸರ್‌ಗಳ ಜಾಲ ಹಾಕಿದ್ದರು. ನಿರೀಕ್ಷಿಸಿದ ಮಾಹಿತಿಯಲ್ಲಿ ಕೈಗೆ ಬಂದದ್ದು ಶೇ 2ರಷ್ಟು ಮಾತ್ರ. ಅದನ್ನು ಮುಚ್ಚಿಡದೆ, ಎಲ್ಲೆಲ್ಲಿ ಎಡವಿದೆವು ಎಂದು ಪ್ರಬಂಧ ಬರೆದರು. ಲೋರಾದಂಥ ದೂರದ ರೇಡಿಯೋ ಬಂದ ಮೇಲೆ ಬಕೆಟ್ ಸಾಲಿನ ಅಗತ್ಯ ಬಹಳ ಕಡಿಮೆಯಾಯಿತು, ಪ್ರತಿ ಸೆನ್ಸರ್ ನೇರವಾಗಿ ಗೇಟ್‌ವೇಗೆ ಹೇಳುವುದು ಸಾಧ್ಯವಾಯಿತು. ಆದರೆ ಭಾರವೆಲ್ಲ ಗೇಟ್‌ವೇ ಮೇಲೆ ಬಂದು ಕೂತಿತು.

ಮೌನವನ್ನು ನಂಬಬೇಡಿ

ಗೋದಾಮಿನ ಸೆನ್ಸರ್ 'ಬಿಸಿ ಮಿತಿ ಮೀರಿದರೆ ಮಾತ್ರ ಹೇಳು' ಎಂದು ಹೊಂದಿಸಿದ್ದೀರಿ. ನಾಲ್ಕು ತಿಂಗಳಿಂದ ಸುದ್ದಿಯಿಲ್ಲ. ಎಲ್ಲವೂ ಸರಿಯಾಗಿದೆಯೇ? ಅಥವಾ ಸೆನ್ಸರ್ ಸತ್ತಿದೆಯೇ? ಗೇಟ್‌ವೇಯ ಸಿಮ್ ರೀಚಾರ್ಜ್ ಮುಗಿದಿದೆಯೇ? ಹೊಸದಾಗಿ ತಂದಿಟ್ಟ ಕಬ್ಬಿಣದ ರ‍್ಯಾಕ್ ಅಡ್ಡ ಬಂದಿದೆಯೇ? ಮೂರೂ ಸಂದರ್ಭದಲ್ಲಿ ನಿಮ್ಮ ಫೋನಿನ ಪರದೆ ಒಂದೇ ರೀತಿ ಕಾಣುತ್ತದೆ.

ಕಾರು ತಯಾರಕರು ಇದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಹೆಚ್ಚಿನ ಕಾರುಗಳಲ್ಲಿ ಟೈರ್ ದೀಪ ನೇರವಾಗಿ ಹೊತ್ತಿಕೊಂಡರೆ ಗಾಳಿ ಕಡಿಮೆ ಎಂದರ್ಥ. ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಹೊತ್ತಿಕೊಂಡೇ ಇದ್ದರೆ ವ್ಯವಸ್ಥೆಯಲ್ಲೇ ದೋಷ, ಅಂದರೆ ಯಾವುದೋ ಸೆನ್ಸರ್‌ನ ದನಿ ಕೇಳಿಸುತ್ತಿಲ್ಲದಿರಬಹುದು. ಮಿನುಗುವ ದೀಪವನ್ನು ಕಡೆಗಣಿಸಿ ಓಡಿಸುವವರೇ ಹೆಚ್ಚು. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಅದು ಒಳ್ಳೆಯದಲ್ಲ.

ಕಾರ್ಖಾನೆ, ತೋಟಗಳಲ್ಲಿ ಇದೇ ಕೆಲಸ ಮಾಡುವುದು 'ಹಾರ್ಟ್‌ಬೀಟ್'. ಏನೂ ಬದಲಾಗದಿದ್ದರೂ ಗಂಟೆಗೋ ದಿನಕ್ಕೋ ಒಮ್ಮೆ 'ನಾನಿದ್ದೇನೆ' ಎಂದು ಸೆನ್ಸರ್ ಹೇಳಬೇಕು. ಗೊತ್ತಾದ ಹೊತ್ತಿಗೆ ಹೇಳದಿದ್ದರೆ ಸರ್ವರ್ ತಾನೇ ಎಚ್ಚರಿಕೆ ಕೊಡಬೇಕು. ಇದನ್ನು ಹೊಂದಿಸದೆ ಬಿಟ್ಟ ಜಾಲ ಇದ್ದೂ ಇಲ್ಲದಂತೆ. ಜೊತೆಗೆ ಸಂದೇಶಗಳ ಕ್ರಮಸಂಖ್ಯೆಯನ್ನು ನೋಡಿ. 101, 102 ಆದಮೇಲೆ 107 ಬಂದರೆ ನಡುವೆ ನಾಲ್ಕು ಕಳೆದುಹೋಗಿವೆ. ಬ್ಯಾಟರಿ ಮುಗಿಯುವ ತಿಂಗಳುಗಳ ಮೊದಲೇ ಕೆಟ್ಟ ಸಂಪರ್ಕವನ್ನು ಈ ಒಂದು ಅಂಕಿ ಹಿಡಿದುಕೊಡುತ್ತದೆ.

ಇನ್ನೂ ಒಂದು ಮಾತು ಬಿಡಿಸಿ ಹೇಳಬೇಕು. ಬೆಂಕಿ, ಅನಿಲ ಸೋರಿಕೆಯಂಥ ಜೀವ ಉಳಿಸುವ ಅಲಾರಂಗೆ ಒಂದೇ ಗೇಟ್‌ವೇಯ ಲೋರಾ ಜಾಲವನ್ನು ನಂಬಿ ಕೂರಬಾರದು. ಸಂದೇಶ ತಲುಪಿಯೇ ತಲುಪುತ್ತದೆ ಎಂಬ ಭರವಸೆ ಈ ಪದ್ಧತಿಯಲ್ಲಿ ಇಲ್ಲ. ಅಂಥ ಕಡೆ ಸ್ಥಳದಲ್ಲೇ ಕೂಗುವ ಸೈರನ್, ವೈರ್ ಎಳೆದ ಅಲಾರಂ ಇರಬೇಕು, ವೈರ್‌ಲೆಸ್ ಹೆಚ್ಚುವರಿ ಕಿವಿಯಾಗಿ ಇರಲಿ.

ಹಾಕಿಸುವ ಮುನ್ನ

ಮಾನೇಸರ್‌ನಂಥ ಜಾಗದಲ್ಲಿ ಗೇಟ್‌ವೇಗೆ ಎದುರಾಗುವ ಮೊದಲ ಶತ್ರು ತಗಡು. 865 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ತಗಡಿನ ಗೋಡೆ ಅದಕ್ಕೆ ಕನ್ನಡಿ ಇದ್ದಂತೆ. ದೊಡ್ಡ ಶೆಡ್‌ಗೆ ಒಳಗೊಂದು, ಹೊರಗೊಂದು ಗೇಟ್‌ವೇ ಬೇಕಾಗಬಹುದು. ಸೆನ್ಸರ್ ಅನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕುವುದಂತೂ ಬೇಡವೇ ಬೇಡ, ಆಂಟೆನಾ ಹೊರಗಿರಲಿ.

ಎರಡನೆಯದು ಕರೆಂಟ್. ಗೇಟ್‌ವೇಗೆ ಬೇಕಾಗುವುದು ಕೆಲವೇ ವ್ಯಾಟ್, ಮನೆಯ ವೈಫೈ ರೌಟರ್‌ಗೆ ಹಾಕುವಂಥ ಸಣ್ಣ ಯುಪಿಎಸ್ ಹಲವು ಗಂಟೆ ನಡೆಸುತ್ತದೆ. ದೆಹಲಿ ಸುತ್ತಮುತ್ತ ಚಳಿಗಾಲದಲ್ಲಿ ವಾಯುಮಾಲಿನ್ಯ ಏರಿದಾಗ ಡೀಸೆಲ್ ಜನರೇಟರ್‌ಗಳ ಮೇಲೆ ನಿರ್ಬಂಧ ಬೀಳುತ್ತದೆ, ಜನರೇಟರ್ ಇದೆಯಲ್ಲ ಎಂದು ಅಲ್ಲಿ ಕೂರುವಂತಿಲ್ಲ. ಪಾವಗಡದ ಪಂಪ್‌ಹೌಸ್‌ನಲ್ಲಿ ಗೇಟ್‌ವೇ ಇಡುವವರಿಗೆ ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ಸಲೀಸು. ಯುಪಿಎಸ್ ಹಾಕಿಸುವಾಗ ಇಂಟರ್ನೆಟ್ ಕೊಡುವ ಪೆಟ್ಟಿಗೆಗೂ ಅದರಿಂದಲೇ ವೈರ್ ಎಳೆಯಿರಿ. ಗೇಟ್‌ವೇ ಎದ್ದಿದ್ದು ರೌಟರ್ ಮಲಗಿದರೆ ಫಲವಿಲ್ಲ.

ಕೊಳ್ಳುವಾಗ '10 ವರ್ಷ' ಎಂದವರಿಗೆ ಕೇಳಿ: ಎಷ್ಟು ನಿಮಿಷಕ್ಕೊಮ್ಮೆ ಕಳಿಸಿದರೆ 10 ವರ್ಷ, ಯಾವ ಸ್ಪ್ರೆಡಿಂಗ್ ಫ್ಯಾಕ್ಟರ್‌ನಲ್ಲಿ? ಈ ಎರಡು ಅಂಕಿ ಇಲ್ಲದ ಭರವಸೆಗೆ ಬೆಲೆಯಿಲ್ಲ. ಬ್ಯಾಟರಿ ಬದಲಿಸಲು ಸ್ಕ್ರೂ ಇದೆಯೇ ಅಥವಾ ಅಂಟು ಹಾಕಿ ಮುಚ್ಚಿದ್ದಾರೆಯೇ ಎಂದೂ ನೋಡಿ. ಕಂಪನಿ ಮುಚ್ಚಿದರೆ ಸೆನ್ಸರ್‌ನ ಕೀಲಿಗಳು ನಿಮ್ಮ ಕೈಗೆ ಸಿಗುತ್ತವೆಯೇ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಕೀಲಿ ಇಲ್ಲದ ಸೆನ್ಸರ್ ಅನ್ನು ಬೇರೆ ಸರ್ವರ್‌ಗೆ ಸೇರಿಸಲು ಬರುವುದಿಲ್ಲ.

ಹಣ ಕೊಡುವ ಮೊದಲು ಒಂದು ಸೆನ್ಸರ್ ಕೈಯಲ್ಲಿ ಹಿಡಿದು ಇಡೀ ಜಾಗ ಸುತ್ತಿ ಬನ್ನಿ. ಪ್ರತಿ ಮೂಲೆಯಲ್ಲೂ ನಿಂತು ಹತ್ತು ಸಂದೇಶ ಕಳಿಸಿ, ಗೇಟ್‌ವೇಗೆ ಎಷ್ಟು ಮುಟ್ಟಿದವು, ಯಾವ ಹಂತದಲ್ಲಿ ಮುಟ್ಟಿದವು ಎಂದು ಬರೆದುಕೊಳ್ಳಿ. ಶೆಡ್‌ನಲ್ಲಾದರೆ ಯಂತ್ರಗಳು ಓಡುತ್ತಿರುವಾಗ, ಬಾಗಿಲುಗಳು ಮುಚ್ಚಿರುವಾಗ ಈ ಪರೀಕ್ಷೆ ಮಾಡಬೇಕು. ತೋಟದಲ್ಲಾದರೆ ಬೆಳೆ ಎದೆಯೆತ್ತರ ಬಂದ ಮೇಲೆ, ಮಳೆ ಬಿದ್ದು ಎಲೆಗಳು ಒದ್ದೆಯಾಗಿರುವ ದಿನ.